ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಐನೂರು ವರ್ಷದ ಗುಂಗುರು ಕೂದಲು

ಅವ್ವನ ಹೊಲಿಗೆ ಅಂಗಡಿ ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಅಪ್ಪ ಇದ್ದಾಗ ಅಲ್ಲಿ ಗಂಡಸರ ಪ್ಯಾಂಟು ಶರ್ಟು ಮಾತ್ರ ಹೊಲಿಯುತ್ತಿದ್ದರು. ಅಪ್ಪ ಹೋದ ಮೇಲೆ ಅವ್ವ ಅದೇ ಮಿಷನ್ನಿನ ಮುಂದೆ ಕೂತು ರವಿಕೆ, ಚೂಡಿದಾರ, ಸ್ಕೂಲ್ ಯೂನಿಫಾರಂ ಹೊಲಿಯತೊಡಗಿದಳು. ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿ ವಾಪಸು ಬಂದು, ಹೈಸ್ಕೂಲೂ ಪಿಯುಸಿಯೂ ಒಂದೇ ಕಾಂಪೌಂಡಿನಲ್ಲಿದ್ದ ಒಂದು ಖಾಸಗಿ ಕಾಲೇಜಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಎರಡು ಸಾವಿರದ ಇಸವಿ ಬಂದು ಮೂರ್ನಾಲ್ಕು ವರ್ಷ ಕಳೆದಿತ್ತು. ಕ್ಲಾಸು ಇರುತ್ತಿದ್ದುದು ವಾರಕ್ಕೆ ಎರಡೋ ಮೂರೋ ದಿನ. ಮಿಕ್ಕ ಹೊತ್ತು ಅಂಗಡಿಯಲ್ಲಿ ಕೂತು ಹುಕ್ಕು ಹಾಕುತ್ತಿದ್ದೆ, ಗುಂಡಿಗೆ ಕಾಜಾ ತೆಗೆಯುತ್ತಿದ್ದೆ, ಇಲ್ಲದಿದ್ದರೆ ಪುಸ್ತಕ ನೋಡುತ್ತಿದ್ದೆ.

ಆ ಪುಸ್ತಕ ಮೈಸೂರಿನ ಫುಟ್‌ಪಾತಿನಲ್ಲಿ ಸಿಕ್ಕಿದ್ದು. ರಟ್ಟು ಕಿತ್ತುಹೋಗಿತ್ತು, ಒಳಗಿನ ಬಣ್ಣದ ಪುಟಗಳು ಮಾತ್ರ ನಿನ್ನೆ ಅಚ್ಚಾದ ಹಾಗಿದ್ದವು. ಯುರೋಪಿನ ಹಳೆಯ ಚಿತ್ರಕಾರರು ಕನ್ನಡಿ ನೋಡಿಕೊಂಡು ತಮ್ಮನ್ನು ತಾವೇ ಬರೆದುಕೊಂಡ ಚಿತ್ರಗಳು, ಅವರನ್ನು ಗೆಳೆಯರು ಬರೆದ ಚಿತ್ರಗಳು ಅದರ ತುಂಬ ಇದ್ದವು. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಐನೂರು ವರ್ಷದ ಹಿಂದಿನ ಒಬ್ಬ ಜರ್ಮನ್ ಚಿತ್ರಕಾರನ ಪುಟ ತೆಗೆದಿದ್ದೆ. ಭುಜದ ಮೇಲೆ ಇಳಿಬಿದ್ದ ಗುಂಗುರು ಗುಂಗುರು ಹೊಂಬಣ್ಣದ ಕೂದಲು, ಎದೆ ಕಾಣುವಂತೆ ತೆರೆದ ನೆರಿಗೆಯ ಅಂಗಿ, ಪಟ್ಟೆ ಪಟ್ಟೆಯ ಟೋಪಿ, ಕೈಗೆ ಗ್ಲೌಸು. ಹೊಸ ಬಟ್ಟೆ ತೊಟ್ಟು ಸ್ಟುಡಿಯೋದಲ್ಲಿ ನಿಂತ ಮದುಮಗನ ಗತ್ತು ಅವನ ಮುಖದಲ್ಲಿತ್ತು.

ತಲೆ ಎತ್ತಿದೆ. ಕುಶಾಲನಗರದ ಕಡೆಯಿಂದ ಬಂದ ಬಸ್ಸು ನಿಂತಿತ್ತು. ಅದರಿಂದ ಅವನೇ ಇಳಿದ.

ಅದೇ ಗುಂಗುರು, ಅದೇ ಉದ್ದ, ಹಚ್ಚಿಕೊಂಡ ಬಣ್ಣ ಮಾತ್ರ ಇನ್ನೂ ಸ್ವಲ್ಪ ಕಿತ್ತಳೆಗೆ ತಿರುಗಿತ್ತು. ಶರ್ಟಿನ ಮೇಲಿನ ಗುಂಡಿಗಳು ಬಿಚ್ಚಿದ್ದವು, ಬೆರಳು ಕತ್ತರಿಸಿದ ಕಪ್ಪು ಗ್ಲೌಸು ಬೇರೆ. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನ ಹುಡುಗ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಪುಸ್ತಕವನ್ನು ಅವಚಿಕೊಂಡು ರಸ್ತೆ ದಾಟಿ ಓಡಿದೆ. ಹಿಂದೆ ಅವ್ವ "ಲೇ ಅಮ್ಮಿ, ಲಾರಿ ಬತ್ತಾ ಅದೆ ಕಣೇ!" ಎಂದು ಕೂಗುತ್ತಿದ್ದುದು ಕೇಳಿಸಿತು.

"ಸ್ವಲ್ಪ ನಿಲ್ಲಪ್ಪಾ!" ಎಂದೆ.

ಅವನು ಗಾಬರಿಯಾಗಿ ನಿಂತ. ಯಾರದೋ ಕಾಲು ತುಳಿದೆನೇನೋ ಎಂಬಂತೆ ಕೆಳಗೆ ನೋಡಿದ. ನಾನು ಉಸಿರು ಬಿಡುತ್ತಾ ಪುಟವನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಚಿತ್ರ ನೋಡಿದ, ತನ್ನ ಕೂದಲು ಮುಟ್ಟಿಕೊಂಡ, ಮತ್ತೆ ಚಿತ್ರ ನೋಡಿದ.

"ಅಕ್ಕ, ಇವ್ನು ಯಾವ ಕ್ಯಾಂಪ್ನೋನು?" ಎಂದು ಕೇಳಿದ.

ನಾನು ನಕ್ಕ ನಗುವಿಗೆ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವಳೂ ತಿರುಗಿ ನೋಡಿದಳು.

ಅವನು ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ನಮ್ಮ ಹಾಗೇ ಆಡುತ್ತಿದ್ದ. ಚಳಿಗಾಲದಲ್ಲಿ ತನ್ನ ತಾಯಿಯ ಜೊತೆ ಮೈಸೂರಿನಲ್ಲಿ ಸ್ವೆಟರ್ ಮಾರುತ್ತಿದ್ದ, ಮಿಕ್ಕ ದಿನ ಕ್ಯಾಂಪಿನಲ್ಲಿ ಗಿಟಾರ್ ಬಾರಿಸಿಕೊಂಡಿರುತ್ತಿದ್ದ. ಕ್ಯಾಂಪಿನ ಬುದ್ಧನ ದೇವಸ್ಥಾನ ನೋಡಲು ಬರುವ ಫಾರಿನ್ನಿನವರು ಬಿಟ್ಟುಹೋದ ಮ್ಯಾಗಜೀನುಗಳೆಲ್ಲ ಅವನ ಬಳಿ ಇದ್ದವು. ಅಂಗಡಿಗೆ ಕರೆತಂದು ಟೀ ತರಿಸಿದೆ. ಅವನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವತೊಡಗಿದ.

ಹಾಲೆಂಡಿನ ಒಬ್ಬ ಚಿತ್ರಕಾರ ಬಂದ. ತಲೆಯ ಮೇಲೆ ಓರೆಯಾಗಿ ಇಟ್ಟ ದೊಗಳೆ ಟೋಪಿ, ಕೊರಳಲ್ಲಿ ದಪ್ಪನೆಯ ಚಿನ್ನದ ಸರ, ಮೈಗಿಂತ ಎರಡು ಪಟ್ಟು ದೊಡ್ಡ ಅಂಗಿ.

"ಅಯ್ಯೋ ಅಕ್ಕ, ಇದು ಹಿಪ್‌ಹಾಪು! ನಮ್ ಕ್ಯಾಂಪಲ್ಲಿ ನನ್ ಫ್ರೆಂಡ್ ಒಬ್ನು ದಿನಾ ಇಂಗೇ ಬತ್ತಾನೆ. ಸರ ಮಾತ್ರ ಡೂಪ್ಲಿಕೇಟು."

ಮುಂದಿನ ಪುಟದಲ್ಲಿ ಸ್ಪೇನಿನ ಒಬ್ಬ. ಕೊರಳಿಂದ ಕಾಲಿನ ತನಕ ಕಪ್ಪೋ ಕಪ್ಪು, ಬಿಳಿಚಿಕೊಂಡ ಮುಖ, ಮೇಲಕ್ಕೆ ತಿರುಚಿದ ಮೀಸೆ.

"ಇದು ಗಾತ್" ಎಂದ. ನನಗೆ ಗೊತ್ತಿರಲಿಲ್ಲ. "ಕಪ್ಪು ಬಟ್ಟೆ, ಕಪ್ಪು ಉಗುರು, ಕಣ್ಗೆ ಕಪ್ಪು. ಸದಾ ಬೇಜಾರಾಗಿರೋರಂಗೆ ಇರ್ತಾರೆ, ಆದ್ರೆ ಬೇಜಾರೇನೂ ಇರಲ್ಲ."

ಒಂದು ಪುಟದಲ್ಲಿ ಚಿತ್ರಕ್ಕಿಂತ ಬರಹವೇ ಹೆಚ್ಚಿತ್ತು. ಅದನ್ನು ನಾನೇ ಓದಿ ಹೇಳಿದೆ. ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಒಂದಷ್ಟು ಚಿತ್ರಕಲೆಯ ಹುಡುಗರು ಗಡ್ಡ ಬಿಟ್ಟು, ಹಳೆಯ ಗ್ರೀಕರ ಹಾಗೆ ಉದ್ದನೆಯ ಬಟ್ಟೆ ಸುತ್ತಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದರಂತೆ. ಜನ ಅವರನ್ನು ಗಡ್ಡದವರು ಎಂದು ಕರೆದು ನಗುತ್ತಿದ್ದರಂತೆ.

"ನಮ್ಮುನ್ನೂ ನಗ್ತಾರೆ" ಎಂದ ಹುಡುಗ, ಟೀ ಗ್ಲಾಸು ಕೆಳಗಿಡುತ್ತಾ. ಅವನ ಧ್ವನಿಯಲ್ಲಿ ದುಃಖವೇನೂ ಇರಲಿಲ್ಲ. ದೂರದ ನೆಂಟರೊಬ್ಬರು ಸಿಕ್ಕ ಖುಷಿ ಇತ್ತು.

ಅವತ್ತಿನಿಂದ ನನಗೆ ಒಂಥರಾ ಜ್ವರ ಹಿಡಿಯಿತು. ಕೆ.ಆರ್. ನಗರದಲ್ಲಿ ಚಿಕ್ಕಮ್ಮನ ಮನೆಗೆ ಹೋದರೆ, ಹೊಗೆಸೊಪ್ಪಿನ ಲಾರಿಯ ಮೇಲೆ ಕೂತವನ ತಲೆಗೆ ಸುತ್ತಿದ ಕೆಂಪು ಟವೆಲ್ಲಿನಲ್ಲಿ ಬೆಲ್ಜಿಯಂ ಕಡೆಯ ಒಬ್ಬ ಹಳೆಯ ಚಿತ್ರಕಾರನ ಕೆಂಪು ರುಮಾಲು ಕಾಣುತ್ತಿತ್ತು. ಪಿರಿಯಾಪಟ್ಟಣದ ಸಂತೆಯಲ್ಲಿ, ಮಡಿಕೇರಿ ಕಡೆಯಿಂದ ಬೈಕಿನಲ್ಲಿ ಬಂದ ಎಸ್ಟೇಟ್ ಹುಡುಗನೊಬ್ಬ ಅಗಲ ಅಂಚಿನ ಹ್ಯಾಟು ಹಾಕಿ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದರೆ, ನಾನು ಚೀಲ ಕೆಳಗಿಟ್ಟು ಅವನನ್ನೇ ನೋಡುತ್ತಾ ನಿಂತಿದ್ದೆ. ಯಾವ ಪುಟ, ಯಾವ ಪುಟ ಎಂದು ತಲೆಯೊಳಗೆ ತಿರುವುತ್ತಿದ್ದೆ. ಅಲ್ಲಿಯವರೆಗೆ ಕಲೆಯ ಇತಿಹಾಸ ಎಂದರೆ ನನಗೆ ಪರೀಕ್ಷೆಗೆ ಉರು ಹೊಡೆದ ಇಸವಿಗಳು. ಈಗ ಅದೆಲ್ಲ ಕೆಂಪು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಓಡಾಡುತ್ತಿತ್ತು.

ನಮ್ಮ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ಎಚ್.ಡಿ. ಕೋಟೆ ತಾಲ್ಲೂಕಿನವಳು, ಅಂತರಸಂತೆಯ ಹತ್ತಿರ ಕಾಡಿನಂಚಿನ ಊರು. ಹುಣಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಅವಳು ಕೂದಲು ಗಿಡ್ಡ ಕತ್ತರಿಸಿಕೊಂಡು, ಅಣ್ಣನ ಪ್ಯಾಂಟು ಶರ್ಟು ಹಾಕಿಕೊಂಡು ಬರುತ್ತಿದ್ದಳು. ಪ್ಯಾಂಟು ಸೊಂಟದಲ್ಲಿ ದೊಗಳೆ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡಿದ್ದಳು. ಹುಡುಗರು ಹಿಂದಿನಿಂದ "ಏನ್ಲಾ ತಮ್ಮಾ" ಎನ್ನುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ.

ಒಂದು ದಿನ ಸ್ಟಾಫ್ ರೂಮಿನ ಹೊರಗೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಹಾಸ್ಟೆಲ್ ವಾರ್ಡನ್ ದೂರು ಕೊಟ್ಟಿದ್ದರಂತೆ. ನಾಳೆಯಿಂದ ಚೂಡಿದಾರ ಹಾಕಿಕೊಂಡು ಬಾ, ಇಲ್ಲದಿದ್ದರೆ ಅಪ್ಪನನ್ನು ಕರೆದುಕೊಂಡು ಬಾ ಎಂದು ಪ್ರಿನ್ಸಿಪಾಲರು ಹೇಳಿದ್ದರು.

"ನೀನೇನಂದೆ?" ಎಂದು ಕೇಳಿದೆ.

"ಏನೂ ಅನ್ನಿಲ್ಲ ಮಿಸ್."

"ಪ್ಯಾಂಟೇ ಯಾಕೆ ಬೇಕು ನಿನಗೆ?"

"ಲಂಗ, ವೇಲು ಆಕ್ಕಂಡ್ರೆ ಓಡಕ್ಕಾಗಲ್ಲ" ಎಂದಳು. ಸ್ಪೋರ್ಟ್ಸ್ ಹುಚ್ಚಿರಬೇಕು ಎಂದುಕೊಂಡೆ. ಮುಂದೆ ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಪುಟ ತೆರೆದುಕೊಂಡಿತ್ತು. ಅವಳ ಕೈ ಹಿಡಿದು ಡ್ರಾಯಿಂಗ್ ರೂಮಿಗೆ ಎಳೆದುಕೊಂಡೇ ಹೋದೆ.

ನೂರೈವತ್ತು ವರ್ಷದ ಹಿಂದಿನ ಫ್ರಾನ್ಸಿನ ಒಬ್ಬ ಚಿತ್ರಗಾರ್ತಿ. ಗಿಡ್ಡ ಕೂದಲು, ನೀಲಿ ಮೇಲಂಗಿ, ಗಂಡಸರ ಪ್ಯಾಂಟು. ಅವಳು ಬರೆಯುತ್ತಿದ್ದುದು ದನ, ಕುದುರೆ, ಕುರಿಗಳನ್ನು. ದನದ ಸಂತೆಯಲ್ಲಿ, ಸಗಣಿ ಗಂಜಲದ ನಡುವೆ ನಿಂತು ಬರೆಯಬೇಕಾದ್ದರಿಂದ ಉದ್ದ ಲಂಗ ಬಿಟ್ಟು ಪ್ಯಾಂಟು ಹಾಕಿದಳು. ಆಗ ಆ ಊರಿನಲ್ಲಿ ಹೆಂಗಸರು ಪ್ಯಾಂಟು ಹಾಕಬೇಕಾದರೆ ಪೊಲೀಸರ ಅನುಮತಿ ಪತ್ರ ಬೇಕಿತ್ತು. ಅವಳು ಹೋಗಿ ಕೇಳಿ ತೆಗೆದುಕೊಂಡಿದ್ದಳು.

ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು. "ಪೊಲೀಸ್ನೋರು ಕೊಟ್ರಾ ಮಿಸ್?"

"ಕೊಟ್ರು."

"ಅಂಗಾರೆ ನಾನೂ ಸ್ಟೇಷನ್ಗೋಗಿ ಕೇಳ್ಲಾ?"

ಇಬ್ಬರೂ ನಕ್ಕೆವು. ಅವಳ ನಗು ನಾನು ನೋಡಿದ್ದು ಅದೇ ಮೊದಲು. ಆ ನಗುವಿನ ಮಧ್ಯೆಯೇ ನನಗೆ ಆ ಐಡಿಯಾ ಹೊಳೆಯಿತು. ಕಾಲೇಜ್ ಡೇ ಹತ್ತಿರ ಬರುತ್ತಿತ್ತು. ಈ ಪುಸ್ತಕದ ಚಿತ್ರಕಾರರನ್ನೆಲ್ಲ ವೇದಿಕೆಯ ಮೇಲೆ ನಡೆಸಿದರೆ? ಅದೂ ನಮ್ಮ ಊರುಗಳ ಹುಡುಗ ಹುಡುಗಿಯರು, ಅವರವರ ಸ್ವಂತ ಬಟ್ಟೆಯಲ್ಲೇ, ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿಕೊಂಡು. ಹಿಂದೆ ಚಿತ್ರವನ್ನು ದೊಡ್ಡದಾಗಿ ನಾನೇ ಬರೆದು ನಿಲ್ಲಿಸುತ್ತೇನೆ. ನೋಡುವವರೇ ಹೋಲಿಸಿಕೊಳ್ಳಲಿ.

ಪ್ರಿನ್ಸಿಪಾಲರು ಪೂರ್ತಿ ಕೇಳಲೇ ಇಲ್ಲ. "ಫ್ಯಾಷನ್ ಶೋನಾ? ನಮ್ಮ ಕಾಲೇಜಲ್ಲಾ? ನೋಡಮ್ಮ, ನೀನು ಚಿಕ್ಕಂದಿನಿಂದ ನಾನು ಕಂಡ ಹುಡುಗಿ. ಒಂದು ದೇಶಭಕ್ತಿ ಗೀತೆ, ಒಂದು ಕೋಲಾಟ ಮಾಡ್ಸು. ಸಾಕು" ಎಂದುಬಿಟ್ಟರು.

ಮನೆಗೆ ಬಂದು ಅವ್ವನ ಮುಂದೆ ಹಾರಾಡಿದೆ. ಅವ್ವ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿಸಿಕೊಂಡಳು. ಆ ಶನಿವಾರ ಪ್ರಿನ್ಸಿಪಾಲರು ಸಫಾರಿ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಅಂಗಡಿಗೆ ಬಂದರು. ನಾನು ಒಳಗೆ ಇಸ್ತ್ರಿ ಮಾಡುತ್ತಿದ್ದೆ, ಅವರಿಗೆ ಕಾಣುತ್ತಿರಲಿಲ್ಲ.

"ಸಾರ್, ಗ್ಯಪ್ತಿ ಅದಾ?" ಎಂದಳು ಅವ್ವ, ಹೊಲಿಗೆ ಬಿಚ್ಚುತ್ತಾ. "ನೀವು ಒಸ್ದಾಗಿ ಲೆಚ್ಚರರಾಗಿ ಬಂದಾಗ ನಮ್ಮನೆಯೋರು ನಿಮ್ಗೆ ಬೆಲ್‌ಬಾಟಂ ಒಲ್ಕೊಟ್ಟಿದ್ರು. ಎಂಥ ಬೆಲ್‌ಬಾಟಂ ಸಾರ್ ಅದು! ನೀವು ನಡ್ಕ ಓದ್ರೆ ರಸ್ತೆ ಗುಡ್ಸಿದಂಗೆ ಆಯ್ತಿತ್ತು."

ಪ್ರಿನ್ಸಿಪಾಲರು ಕೆಮ್ಮಿದರು.

"ಕ್ರಾಪು ಕಿವಿ ಮುಚ್ಕತಿತ್ತು. ಶರ್ಟಿನ್ ಕಾಲರು ನಾಯಿ ಕಿವಿಯಂಗೆ. ಇಡೀ ಉಣ್ಸೂರೇ ನಿಂತ್ಕಂಡು ನೋಡದು. ಆಗ ನಿಮ್ ಪ್ರಿನ್ಸಿಪಾಲ್ರು ಬೈದಿದ್ರಂತಲ್ಲ?"

"ಬೈದಿದ್ರು ಕಣಮ್ಮ" ಎಂದರು ಅವರು. "ಆದ್ರೂ ನಾನು ಬಿಡ್ಲಿಲ್ಲ" ಎಂದು ಸೇರಿಸಿದರು. ಆಮೇಲೆ ಅಂಗಡಿಯೊಳಗೆ ಒಂದು ನಗು ಕೇಳಿಸಿತು, ಹೊಟ್ಟೆ ಕುಲುಕುವ ನಗು. ಕಾಲೇಜಿನಲ್ಲಿ ಅಂಥ ನಗುವನ್ನು ಯಾರೂ ಕೇಳಿರಲಿಲ್ಲ. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಕುಣಿದೆ.

ಸೋಮವಾರ ಕರೆದು ಷರತ್ತು ಹಾಕಿದರು. ಹೆಸರು ಫ್ಯಾಷನ್ ಶೋ ಎಂದಿರಬಾರದು, 'ಚಿತ್ರಕಾರರ ವೇಷಭೂಷಣ' ಎಂದಿರಬೇಕು. ಸಿನಿಮಾ ಹಾಡು ಕೂಡದು. ಆ ಪ್ಯಾಂಟಿನ ಹುಡುಗಿ ವೇದಿಕೆ ಹತ್ತಬೇಕಾದರೆ ಅವಳ ಅಪ್ಪ ಬಂದು ಒಪ್ಪಬೇಕು.

ಮುಂದಿನ ಭಾನುವಾರ ನಾನೂ ಹುಡುಗಿಯೂ ಅವಳ ಊರಿಗೆ ಬಸ್ಸು ಹತ್ತಿದೆವು. ಕೋಟೆಯಲ್ಲಿ ಬದಲಾಯಿಸಿ ಅಂತರಸಂತೆಯಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿ. ಹುಡುಗಿ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ನನ್ನದೂ ಒಂದೇ ಯೋಚನೆ. ಮಗಳನ್ನು ಓದಿಸಲು ಕಳಿಸಿದ ರೈತನ ಮುಂದೆ ಹೋಗಿ, ನಿಮ್ಮ ಮಗಳನ್ನು ಪ್ಯಾಂಟಿನಲ್ಲಿ ವೇದಿಕೆ ಹತ್ತಿಸುತ್ತೇನೆ ಎನ್ನುವುದು ಹೇಗೆ?

ಅವಳ ಅಪ್ಪ ಕೆರೆಯಲ್ಲಿ ಎತ್ತು ತೊಳೆಯುತ್ತಿದ್ದರು. ನಮ್ಮನ್ನು ಕಂಡು ಮೇಲೆ ಬಂದು, ಪಂಚೆ ಕೆಳಗಿಳಿಸಿ, "ಬನ್ನಿ ತಾಯಿ, ಕುಂತ್ಕಳಿ" ಎಂದು ಹೊಂಗೆ ಮರದ ಕೆಳಗೆ ಟವೆಲ್ ಹಾಸಿದರು. ಮನೆಯಿಂದ ಮಜ್ಜಿಗೆ ತರಿಸಿದರು. ನಾನು ಮಾತು ಶುರು ಮಾಡಲಾಗದೆ ಪುಸ್ತಕ ತೆರೆದು, ಆ ಚಿತ್ರಗಾರ್ತಿ ಬರೆದ ಹೊಲ ಉಳುವ ಚಿತ್ರ ತೋರಿಸಿದೆ. ಸಾಲಾಗಿ ಕಟ್ಟಿದ ಎತ್ತುಗಳು, ಹೊರಳಿದ ಹಸಿ ಮಣ್ಣು.

ಅವರು ಒದ್ದೆ ಕೈಯನ್ನು ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

"ಈ ಎತ್ತು ಕಣ್ಣ ಇತ್ಲಾಗ್ ತಿರುಗ್ಸ್ಯದೆ ನೋಡಿ. ಎದೆಯಾಗೆ ಏನೋ ಆಯ್ತದೆ ಕಣ್ರವ್ವ. ಯಾವ ಮಾರಾಯ ಬರ್ದಿದ್ದು?"

"ಮಾರಾಯ ಅಲ್ಲ, ಹೆಂಗಸು. ಇವರೇ" ಎಂದು ಅವಳ ಚಿತ್ರ ತೆಗೆದೆ.

"ಇದು ಎಂಗ್ಸಾ?" ಎಂದು ಅವರು ಜೋರಾಗಿ ನಕ್ಕರು. "ನಮ್ಮುಡ್ಗಿಯಂಗೇ ಅವ್ಳಲ್ಲ!"

ಆಗ ಧೈರ್ಯ ಬಂದು ಎಲ್ಲ ಹೇಳಿದೆ. ವಾರ್ಡನ್ ದೂರು, ಪ್ರಿನ್ಸಿಪಾಲರ ಮಾತು, ಪೊಲೀಸರ ಅನುಮತಿ ಪತ್ರ, ಕಾಲೇಜ್ ಡೇ. ಕೇಳುತ್ತಾ ಕೇಳುತ್ತಾ ಅವರ ಮುಖ ಗಂಟಿಕ್ಕಿತು. ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಮಗಳ ಕಡೆ ತಿರುಗಿದರು.

"ಆನೆ ವಿಸ್ಯ ಏಳಿಲ್ವಾ ನೀನು?"

"ಇಲ್ಲ ಕಣಪ್ಪ."

"ಯಾಕ್ ಏಳಿಲ್ಲ?"

"ನಗ್ತಾರೆ ಅಂತ."

ಅವರೇ ಹೇಳಿದರು. ಹುಡುಗಿ ಹೈಸ್ಕೂಲಿನಲ್ಲಿದ್ದಾಗ ಕಾಡಿನಂಚಿನಲ್ಲಿ ದನ ಹೊಡೆದುಕೊಂಡು ಬರುತ್ತಿದ್ದಳಂತೆ. ಕಾಕನಕೋಟೆ ಕಡೆಯಿಂದ ಒಂಟಿ ಆನೆ ಬಂದಿತ್ತು. ದನಗಳು ಚೆದುರಿ ಓಡಿದವು. ಇವಳೂ ಓಡಿದಳು. ಉದ್ದ ಲಂಗ ಲಂಟಾನ ಮುಳ್ಳಿಗೆ ಸಿಕ್ಕಿ ಬಿದ್ದಳು. ಲಂಗವನ್ನು ಹರಿದು ಬಿಡಿಸಿಕೊಂಡು ಎದ್ದು ಓಡುವಷ್ಟರಲ್ಲಿ ಆನೆ ಹತ್ತಿರವೇ ಬಂದಿತ್ತಂತೆ. ಯಾಕೋ ಅದು ನಿಂತು, ತಿರುಗಿ ಹೋಯಿತು.

"ಅವತ್ತೇ ನಾನು ಏಳ್ದೆ, ಇನ್ಮೇಲೆ ನೀನು ಅಣ್ಣನ್ ಪ್ಯಾಂಟು ಆಕ್ಕಳವ್ವ ಅಂತ. ನಾನೇ ಏಳಿದ್ದು. ಇದ್ರಾಗೆ ನಗದು ಏನದೆ?" ಅವರು ಮಜ್ಜಿಗೆ ಲೋಟ ಎತ್ತಿ ಗಟಗಟ ಕುಡಿದರು. "ಬತ್ತೀನಿ ತಾಯಿ. ನಿಮ್ ಪೊಲೀಸ್ನೋರ ಬದ್ಲು ನಾನೇ ಪರ್ಮಿಶನ್ ಕೊಡ್ತೀನಿ."

ವಾಪಸು ಬರುವಾಗ ಹುಡುಗಿ ಬಸ್ಸಿನ ಕಿಟಕಿಯ ಪಕ್ಕ ಕೂತು, ಒಂದೇ ಸಮನೆ ಮಾತಾಡಿದಳು. ಆನೆಯ ಕಿವಿ ಹೇಗಿತ್ತು, ಯಾವ ಹಸು ಮೊದಲು ಓಡಿತು, ಎಲ್ಲ.

ಮುಂದಿನ ದಿನಗಳು ಹಬ್ಬದ ಹಾಗಿದ್ದವು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿತ್ತಳೆ ಕೂದಲಿನ ಹುಡುಗ ಕ್ಯಾಂಪಿನಿಂದ ಗೆಳೆಯರನ್ನು ಕರೆತಂದ. ಅವರು ಚೀಲದ ತುಂಬ ಸರ, ಟೋಪಿ, ಬೂಟು ತಂದು ಸುರಿದರು. ಅವನು ತನ್ನ ಅಜ್ಜಿಯ ಉಣ್ಣೆಯ ಹಳೆಯ ನಿಲುವಂಗಿಯನ್ನೂ ತಂದಿದ್ದ, ಅದರ ಅಂಚಿಗೆ ತುಪ್ಪಳ ಇತ್ತು. ಅಜ್ಜಿ ಟಿಬೆಟ್ಟಿನಿಂದ ಬೆಟ್ಟ ದಾಟಿ ಬಂದಾಗ ತೊಟ್ಟಿದ್ದಂತೆ. ಅವ್ವ ಅದನ್ನು ಮುಟ್ಟಲು ಹೆದರಿ, ಕೈ ತೊಳೆದುಕೊಂಡು ಬಂದು, ಒಂದೇ ಒಂದು ಹೊಲಿಗೆಯೂ ಹಾಕದೆ ಪಿನ್ನಿನಲ್ಲೇ ಮಡಿಸಿ ಕೊಟ್ಟಳು. ಕಪ್ಪು ಬಟ್ಟೆಯ ಸ್ಪೇನಿನವನಾಗಲು ಒಪ್ಪಿದ್ದು ಕಾಮರ್ಸಿನ ಒಬ್ಬ ಮೌನಿ ಹುಡುಗಿ. ಕಣ್ಣಿಗೆ ಕಾಡಿಗೆ ಹಚ್ಚಿ, ಉಗುರಿಗೆ ಕಪ್ಪು ಬಣ್ಣ ಬಳಿದು, ಕನ್ನಡಿಯಲ್ಲಿ ನೋಡಿಕೊಂಡು, "ಮಿಸ್, ನಾನು ಇಂಗೂ ಇದ್ದೀನಾ!" ಎಂದಳು.

ಅವ್ವ ಒಂದು ಸಂಜೆ ನನ್ನ ಚಿತ್ರಗಳನ್ನೆಲ್ಲ ನೋಡುತ್ತಾ, "ಎಲ್ಲಾ ಪರದೇಸ್ದೋರೇ ಆದ್ರಲ್ಲಮ್ಮಿ. ನಮ್ ಕಡೆ ಬರ್ಯೋರು ಯಾರೂ ಬಟ್ಟೆ ಆಕ್ಕತಿರಲಿಲ್ವಾ?" ಎಂದಳು.

ಆಗ ನನಗೆ ನೆನಪಾಯಿತು. ಮೈಸೂರಿನಲ್ಲಿ ಓದುವಾಗ ಒಬ್ಬ ಮೇಷ್ಟರ ಮನೆಯ ನಡುಮನೆಯಲ್ಲಿ ಅವರ ಮುತ್ತಾತನ ಫೋಟೋ ನೋಡಿದ್ದೆ. ಅರಮನೆಗೆ ದೇವರ ಚಿತ್ರ ಬರೆದುಕೊಡುತ್ತಿದ್ದವರು. ಜರಿ ಪೇಟ, ಮುಚ್ಚು ಕೋಟು, ಕಚ್ಚೆ ಪಂಚೆ, ಪಂಚೆಯ ಕೆಳಗೆ ಮಿರಮಿರ ಹೊಳೆಯುವ ಇಂಗ್ಲಿಷ್ ಬೂಟು. ಪಂಚೆಗೂ ಬೂಟಿಗೂ ಎಲ್ಲಿಯ ಸಂಬಂಧ! ಆದರೂ ಅವರು ನಿಂತ ಠೀವಿಯಲ್ಲಿ ಎರಡೂ ಹುಟ್ಟುವಾಗಲೇ ಜೊತೆಗಿದ್ದವೇನೋ ಅನ್ನಿಸುತ್ತಿತ್ತು. ಕ್ಯಾಂಪಿನ ಹುಡುಗನಿಗೆ ಹೇಳಿದರೆ ಅವನು ಕುಣಿದುಬಿಟ್ಟ. "ಅಕ್ಕ, ಇದೇ ಎಲ್ಲಕ್ಕಿಂತ ಸಕತ್ ಸ್ಟೈಲು!"

ತೊಂದರೆ ಎಂದರೆ ನಮ್ಮ ಹುಡುಗರು ಯಾರೂ ಕಚ್ಚೆ ಹಾಕಲು ಒಪ್ಪಲಿಲ್ಲ. ಜಾರಿದರೆ ಏನು ಗತಿ ಎಂದು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ರಿಹರ್ಸಲ್ ನೋಡಲು ಬಂದು ಹಿಂದೆ ಕೈಕಟ್ಟಿ ನಿಂತಿದ್ದ ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು.

"ಕಚ್ಚೆ ಕಟ್ಟೋದು ನಂಗೆ ಬರುತ್ತೆ" ಎಂದರು.

ಕಾಲೇಜ್ ಡೇ ದಿನ ಮಧ್ಯಾಹ್ನ ಶಾಮಿಯಾನ ತುಂಬಿತ್ತು. ತಂದೆ ತಾಯಿಗಳು, ಮಕ್ಕಳು, ಪಕ್ಕದ ಬೀದಿಯವರು. ಹುಡುಗಿಯ ಅಪ್ಪ ಬಿಳಿ ಪಂಚೆ ಉಟ್ಟು, ಮುಂದಿನಿಂದ ಎರಡನೇ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಮ್ಮ ಕಾರ್ಯಕ್ರಮದ ಸರದಿ ಬಂತು. ನಾನು ಮೈಕ್ ಹಿಡಿದು ಬಾಯಿ ತೆರೆದೆ. ಕರೆಂಟು ಹೋಯಿತು.

ಮೈಕ್ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ. ಜನ ಗುಸುಗುಸು ಶುರು ಮಾಡಿದರು. ಅಷ್ಟರಲ್ಲಿ ಪಕ್ಕದಿಂದ ಗಿಟಾರಿನ ಸದ್ದು ಬಂತು. ಕ್ಯಾಂಪಿನ ಹುಡುಗ ಅಜ್ಜಿಯ ನಿಲುವಂಗಿ ತೊಟ್ಟು ಬಾರಿಸುತ್ತಾ ವೇದಿಕೆಗೆ ಬಂದೇಬಿಟ್ಟ. ಶಾಮಿಯಾನದ ಸಂದಿಯಿಂದ ಬಿದ್ದ ಬಿಸಿಲಿಗೆ ಅವನ ಕೂದಲು ಉರಿಯುವ ಬೆಂಕಿಯಂತಿತ್ತು. ಅವನ ಹಿಂದೆ ನಾನು ಬರೆದ ಜರ್ಮನ್ ಚಿತ್ರಕಾರ. ಹೈಸ್ಕೂಲ್ ಮಕ್ಕಳು ಬೆಂಚು ಬಡಿಯತೊಡಗಿದರು. ನಾನು ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಈ ಕೂದಲಿಗೆ ಐನೂರು ವರ್ಷ!"

ಅಲ್ಲಿಂದ ಮುಂದೆ ನನಗೆ ಮೈಕು ಬೇಕಾಗಲೇ ಇಲ್ಲ. ಒಬ್ಬೊಬ್ಬರು ಬಂದ ಹಾಗೆ ಅವರ ಹಿಂದಿನ ಚಿತ್ರ ತೋರಿಸಿ, ಆ ಚಿತ್ರಕಾರ ಯಾರು, ಅವನ ಬಟ್ಟೆ ನೋಡಿ ಅವನ ಕಾಲದವರು ಏನಂದರು, ಇವತ್ತು ಅದಕ್ಕೆ ಏನೆನ್ನುತ್ತಾರೆ ಎಂದು ಕೂಗಿ ಕೂಗಿ ಹೇಳಿದೆ. ಡೂಪ್ಲಿಕೇಟ್ ಸರದ ಹುಡುಗನಿಗೆ ಶಿಳ್ಳೆ ಬಿತ್ತು. ಕಪ್ಪು ಬಟ್ಟೆಯ ಮೌನಿ ಹುಡುಗಿ ಒಂದಿಷ್ಟೂ ನಗದೆ, ಸಭೆಯನ್ನೆಲ್ಲ ಒಮ್ಮೆ ದಿಟ್ಟಿಸಿ ಹೋದಳು. ಅವಳ ತಾಯಿ "ಅಯ್ಯೋ ನನ್ ಮಗ್ಳಾ ಅದು" ಎಂದು ಎದೆ ಮೇಲೆ ಕೈ ಇಟ್ಟುಕೊಂಡರು.

ಆಮೇಲೆ ಪ್ಯಾಂಟಿನ ಹುಡುಗಿ ಬಂದಳು. ಅಣ್ಣನ ಪ್ಯಾಂಟನ್ನು ಅವ್ವ ಅವಳ ಅಳತೆಗೆ ಹಿಡಿದು ಹೊಲಿದಿದ್ದಳು. ಮೇಲೆ ನೀಲಿ ಅಂಗಿ, ಕೈಯಲ್ಲಿ ಡ್ರಾಯಿಂಗ್ ಬೋರ್ಡು. ಅರ್ಧ ವೇದಿಕೆಗೆ ಬಂದಿದ್ದಳು, ಹಿಂದಿನ ಸಾಲಿನಿಂದ ಯಾರೋ "ಏನ್ಲಾ ತಮ್ಮಾ!" ಎಂದು ಕೂಗಿದರು. ನಗು ಎದ್ದಿತು. ಅವಳು ನಿಂತುಬಿಟ್ಟಳು. ಗಿಟಾರೂ ನಿಂತಿತು.

ಎರಡನೇ ಸಾಲಿನಲ್ಲಿ ಅವಳ ಅಪ್ಪ ಎದ್ದು ನಿಂತರು. ತಿರುಗಿ ಇಡೀ ಶಾಮಿಯಾನಕ್ಕೆ ಕೇಳುವಂತೆ, "ತಮ್ಮ ಅಲ್ಲ ಕಣ್ರಪ್ಪೋ, ನನ್ ಮಗ್ಳು! ಆನೆ ಮುಂದ್ಲಿಂದ ಓಡ್ ಬಂದೋಳು!" ಎಂದರು.

ಹುಡುಗಿ ಒಂದು ಕೈಯನ್ನು ನಿಧಾನವಾಗಿ ಪ್ಯಾಂಟಿನ ಜೇಬಿಗೆ ಇಳಿಸಿದಳು. ತಲೆ ಎತ್ತಿದಳು. ವೇದಿಕೆಯ ತುದಿಯವರೆಗೆ ನಡೆದು, ಕೂಗಿದ ದಿಕ್ಕಿಗೇ ನೋಡುತ್ತಾ ನಿಂತಳು. ಮೊದಲು ಚಪ್ಪಾಳೆ ತಟ್ಟಿದ್ದು ಹೆಂಗಸರು. ಆಮೇಲೆ ಎಲ್ಲರೂ ತಟ್ಟಿದರು. ಆ ಚಿತ್ರಗಾರ್ತಿಯ ಬಗ್ಗೆ ಹೇಳಬೇಕಿದ್ದ ಮಾತೆಲ್ಲ ನನಗೆ ಮರೆತೇಹೋಯಿತು. ಹೇಳುವ ಅಗತ್ಯವೂ ಇರಲಿಲ್ಲ.

ಕೊನೆಯಲ್ಲಿ ಪ್ರಿನ್ಸಿಪಾಲರು ಜರಿ ಪೇಟ, ಕಚ್ಚೆ, ಬೂಟು ತೊಟ್ಟು ಬಂದಾಗ ಶಾಮಿಯಾನ ಹಾರಿಹೋಗುವಷ್ಟು ಕೂಗು. ಅವರು ಒಮ್ಮೆ ಸುತ್ತು ತಿರುಗಿದರು. ಸಾಲದು ಎಂದು ಜನ ಕೂಗಿದರು. ಮತ್ತೊಮ್ಮೆ ತಿರುಗಿದರು. ಆಗ ಸರಿಯಾಗಿ ಕರೆಂಟು ಬಂದು ಟೇಪ್ ರೆಕಾರ್ಡರಿನಿಂದ ಕೋಲಾಟದ ಹಾಡು ಜೋರಾಗಿ ಶುರುವಾಯಿತು. ಅವರು ಬೂಟುಗಾಲಿನಲ್ಲೇ ಎರಡು ಹೆಜ್ಜೆ ಹಾಕಿದರು.

ಬಟ್ಟೆ ಬದಲಾಯಿಸಲು ಇಟ್ಟುಕೊಂಡಿದ್ದ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಗೊತ್ತಾಗಲಿಲ್ಲ. ಹುಡುಗಿಯ ಅಪ್ಪ ಹಿಡಿಯಬೇಕಿದ್ದ ಕೋಟೆಯ ಬಸ್ಸಿಗೆ ಹೊತ್ತಾಗಿತ್ತು. ಹಾಗಾಗಿ ಎಲ್ಲರೂ ಅದೇ ವೇಷದಲ್ಲೇ ಮೇನ್ ರೋಡಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದೆವು. ಗಿಟಾರು, ತುಪ್ಪಳದ ನಿಲುವಂಗಿ, ಕಪ್ಪು ಉಗುರು, ಓರೆ ಟೋಪಿ, ನಡುವೆ ಬಿಳಿ ಪಂಚೆಯ ಅಪ್ಪ, ಪಕ್ಕದಲ್ಲಿ ಪ್ಯಾಂಟಿನ ಮಗಳು. ಹಾರ್ಡ್‌ವೇರ್ ಅಂಗಡಿಯವರು, ಸೋಡಾ ಗಾಡಿಯವರು ಕೆಲಸ ಬಿಟ್ಟು ನೋಡಿದರು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು, "ಯಾವ್ ಕಂಪ್ನಿ ನಾಟ್ಕ್ದೋರು ನೀವು?" ಎಂದು ಕೇಳಿದರು.

"ನಾಟ್ಕ ಅಲ್ಲ ಸಾರ್" ಎಂದಳು ಹುಡುಗಿ. "ಇದು ನಮ್ ಬಟ್ಟೆ."

ಎಲ್ಲವೂ ಒಂದೇ ದಿನದಲ್ಲಿ ಬದಲಾಗಿಬಿಡಲಿಲ್ಲ. ಹಾಸ್ಟೆಲಿನೊಳಗೆ ಚೂಡಿದಾರವೇ ಆಗಬೇಕು ಎಂದು ವಾರ್ಡನ್ ಪಟ್ಟು ಹಿಡಿದರು. ಹುಡುಗಿ ಒಳಗೆ ಚೂಡಿದಾರ, ಕಾಲೇಜಿಗೆ ಪ್ಯಾಂಟು ಎಂದು ರಾಜಿಯಾದಳು. ಒಬ್ಬಿಬ್ಬರು ತಂದೆಯರು ಬಂದು ಪ್ರಿನ್ಸಿಪಾಲರ ಮೇಲೆ ರೇಗಾಡಿದರು. ಅವರು ಕೂತಲ್ಲಿಂದ ಏಳದೆ, "ಕಲೆ ಇತಿಹಾಸ ಸ್ವಾಮಿ ಅದು" ಎಂದು ಕಳಿಸಿದರು. ಆದರೆ ಮಾರನೆಯ ವಾರದಿಂದಲೇ ಹುಡುಗಿಯರು ಅವ್ವನ ಅಂಗಡಿಗೆ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ, ಪ್ಯಾಂಟು ಹೊಲಿಯುತ್ತೀರಾ ಎಂದು ಕೇಳತೊಡಗಿದರು. ಅಪ್ಪನ ಕಾಲದ ಅಳತೆಯ ರಟ್ಟುಗಳನ್ನು ಅವ್ವ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಹುಡುಗಿಯರ ಸೊಂಟಕ್ಕೆ ತಕ್ಕ ಹಾಗೆ ಹೊಸದಾಗಿ ಕತ್ತರಿಸಿಕೊಂಡಳು.

ಕ್ಯಾಂಪಿನ ಹುಡುಗ ಒಂದೆರಡು ವರ್ಷದ ಮೇಲೆ ಸೋದರಮಾವನ ಹೋಟೆಲಿನಲ್ಲಿ ಕೆಲಸಕ್ಕೆಂದು ದೆಹಲಿಗೆ ಹೋದ. ಹೋಗುವ ಮುಂಚೆ ಅಂಗಡಿಗೆ ಬಂದು ಅವ್ವನಿಗೊಂದು ಸ್ವೆಟರ್ ಕೊಟ್ಟು ಹೋದ. ಆನೆಯ ಮುಂದಿನಿಂದ ಓಡಿಬಂದವಳು ಚಿತ್ರಗಾರ್ತಿ ಆಗಲಿಲ್ಲ. ದನದ ಆ ಹುಚ್ಚು ಅವಳನ್ನು ಪಶು ಆಸ್ಪತ್ರೆಯ ಕೆಲಸಕ್ಕೆ ಒಯ್ದಿತು. ಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕೂಟರಿನ ಮೇಲೆ ಓಡಾಡಿಕೊಂಡು ಹಸುಗಳಿಗೆ ಇಂಜೆಕ್ಷನ್ ಕೊಡುತ್ತಾಳೆ. ನಾನು ಅದೇ ಕಾಲೇಜಿನಲ್ಲಿ ಮತ್ತೆ ಕೆಲವು ವರ್ಷ ಪಾಠ ಮಾಡಿದೆ. ಇಸವಿಗಳನ್ನು ಉರು ಹೊಡೆಯಿರಿ ಎಂದು ಮಾತ್ರ ಯಾವ ಮಕ್ಕಳಿಗೂ ಹೇಳಲಿಲ್ಲ. ಅವರನ್ನು ಕಾಂಪೌಂಡಿನ ಗೋಡೆಯ ಮೇಲೆ ಕೂರಿಸಿ, ರಸ್ತೆಯಲ್ಲಿ ಹೋಗುವವರ ಬಟ್ಟೆ ನೋಡಿ ಬರೆಯಿರಿ ಎನ್ನುತ್ತಿದ್ದೆ. ಅವರು ಗಲಾಟೆ ಮಾಡುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ, ಯಾರು ಬರುತ್ತಾರೋ ಎಂದು ಕತ್ತು ಉದ್ದ ಮಾಡಿ ಕಾಯುತ್ತಿದ್ದರು. ನಾನೂ ಅವರ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿರುತ್ತಿದ್ದೆ.